ಅಂಬಾಬಾಯಿಯ ರುಖ್ಸತ್

ಫಸಲಿ ೧೩೪೮ರ, ಅಂದರೆ ೧೯೩೯ರ, ಬೇಸಗೆಯಲ್ಲಿ ಮಕ್ತಲ್ ತಹಸೀಲ್ ಕಚೇರಿಯ ಪೇಶ್ಕಾರ ಅನಂತರಾಯರು ಇಪ್ಪತ್ತೊಂದು ದಿನದ ರುಖ್ಸತ್ ಕೇಳಿ ಅರ್ಜಿ ಬರೆದರು. ರಜೆಗೆ ನಿಜಾಮರ ಸರಕಾರದಲ್ಲಿ ರುಖ್ಸತ್ ಅನ್ನುತ್ತಿದ್ದರು. ಇಪ್ಪತ್ತೊಂದೇ ಯಾಕೆ, ಒಂದು ತಿಂಗಳು ಯಾಕಲ್ಲ ಎಂದು ತಹಸೀಲ್ದಾರ ಸಾಹೇಬರು ಕೇಳಿದರಂತೆ. ರಾಯರು ಏನೋ ಒಂದು ಹೇಳಿ ನುಣುಚಿಕೊಂಡರು. ನಿಜ ಹೇಳುವಂಥದ್ದಾಗಿರಲಿಲ್ಲ. ಆ ಲೆಕ್ಕ ಅವರ ಹೆಂಡತಿ ಅಂಬಾಬಾಯಿಯ ಮೈಯೊಳಗಿನದು. ಆಕೆ ಒಮ್ಮೆ ಹೊರಗಾಗಿ, ನಾಲ್ಕನೆಯ ದಿನ ನೀರು ಹಾಕಿಕೊಂಡು ಒಳಗೆ ಬಂದ ಮೇಲೆ, ಮತ್ತೆ ಹೊರಗಾಗುವ ತನಕ ಎಷ್ಟು ದಿನವೋ ಅಷ್ಟೇ ದಿನ ಆ ಮನೆಯವರು ಊರು ಬಿಟ್ಟು ಇರಬಲ್ಲವರಾಗಿದ್ದರು. ಅಷ್ಟು ದಿನ ಮಾತ್ರ ಅವರಿಗೆ ಅಡುಗೆಯವಳು ಇರುತ್ತಿದ್ದಳು.

ಅಂಬಾಬಾಯಿ ಹದಿನಾಲ್ಕನೆಯ ವಯಸ್ಸಿಗೆ ಮಂತ್ರಾಲಯದ ಕಡೆಯಿಂದ ಸೊಸೆಯಾಗಿ ಬಂದವಳು. ಈಗ ನಲವತ್ತಾರು. ಈ ಮೂವತ್ತೆರಡು ವರ್ಷವೂ ನಸುಕಿನಲ್ಲಿ ತಣ್ಣೀರು ಹೊಯ್ದುಕೊಂಡು, ಒದ್ದೆ ಮಡಿಸೀರೆ ಮೈಮೇಲೇ ಒಣಗುವಂತೆ ಒಲೆಯ ಮುಂದೆ ಕೂತದ್ದೇ ಆಕೆಯ ಚರಿತ್ರೆ. ಮಡಿಯಲ್ಲಿದ್ದಾಗ ಮಕ್ಕಳು ಬಂದು ಅಪ್ಪಿಕೊಳ್ಳುವ ಹಾಗಿಲ್ಲ, ಆಕೆ ಎದ್ದು ಬಾಗಿಲಿಗೆ ಹೋಗುವ ಹಾಗಿಲ್ಲ. ದೇವರಿಗೆ ನೈವೇದ್ಯ, ಬ್ರಾಹ್ಮಣರಿಗೆ, ಗಂಡನಿಗೆ, ಮಗ ವಿಜಯೀಂದ್ರನಿಗೆ, ಅತ್ತೆಗೆ, ಬಂದವರಿಗೆ ಹೋದವರಿಗೆ ಬಡಿಸಿ, ಕಡೆಗೆ ತಾನು ಎಲೆ ಹಾಕಿಕೊಳ್ಳುವ ಹೊತ್ತಿಗೆ ಅನ್ನ ಆರಿ ಕಾಳುಕಾಳಾಗಿರುತ್ತಿತ್ತು. ಇನ್ನೊಬ್ಬರು ಬಡಿಸಿದ ಬಿಸಿ ಅನ್ನವನ್ನು ಆಕೆ ಕಡೆಯ ಸಲ ಉಂಡದ್ದು ತೌರಿನಲ್ಲಿ, ಬಾಣಂತಿಯಾಗಿದ್ದಾಗ.

ತಿಂಗಳಿಗೆ ಮೂರು ದಿನ ಮಾತ್ರ ಬೇರೆ. ಹಿತ್ತಲಲ್ಲಿ ದನದ ಕೊಟ್ಟಿಗೆಗೆ ಹತ್ತಿ ಒಂದು ಸಣ್ಣ ಕೋಣೆ ಇತ್ತು; ಒಂದು ಚಾಪೆ, ಒಂದು ತಂಬಿಗೆ, ಬೇವಿನಮರದ ಕಡೆಗೆ ಒಂದು ಕಿಟಕಿ. ಹೊರಗಾದವಳು ಅಲ್ಲಿ ಕೂರಬೇಕು. ಯಾರೂ ಮುಟ್ಟುವುದಿಲ್ಲ, ಯಾರೂ ಕರೆಯುವುದಿಲ್ಲ. ಅತ್ತೆ ಜಯಾಬಾಯಿಯವರ ಕೈ ನಡುಗತೊಡಗಿದ ಮೇಲೆ ಆ ಮೂರು ದಿನ ಆಚಾರ್ಯರ ಮನೆಯಿಂದ ಅಡುಗೆ ಬರುತ್ತಿತ್ತು. ಅದರಲ್ಲಿ ಉಳಿದದ್ದನ್ನು ಈಕೆಯ ಎಲೆಗೆ ಮೇಲಿನಿಂದ ಬೀಳಿಸುತ್ತಿದ್ದರು. ತಂಗಳೇ ಸರಿ. ಆದರೆ ಒಲೆ ಇಲ್ಲ, ಹೊಗೆ ಇಲ್ಲ. ಬೆನ್ನನ್ನು ಗೋಡೆಗೆ ಕೊಟ್ಟು ಬೇವಿನ ಮರದಲ್ಲಿ ಅಳಿಲು ಓಡುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮನೆಯವರ ಬಾಯಲ್ಲಿ ಅದು ಮೈಲಿಗೆ. ಅಂಬಾಬಾಯಿಗೆ ಅದು ರುಖ್ಸತ್.

ಈ ಗುಟ್ಟು ಗೊತ್ತಿದ್ದವಳು ಪಕ್ಕದ ಮನೆಯ ಗುರುಲಿಂಗಮ್ಮ ಒಬ್ಬಳೇ. ಶೇಂಗಾ ವ್ಯಾಪಾರದ ಲಿಂಗವಂತರ ಮನೆಯಾಕೆ. ಅವರ ಧರ್ಮದಲ್ಲಿ ಕೊರಳಲ್ಲಿ ಲಿಂಗ ಇದ್ದವರಿಗೆ ಮುಟ್ಟಿನ ಮೈಲಿಗೆ ಇಲ್ಲ. ಮೋಟು ಗೋಡೆಗೆ ಮೊಣಕೈ ಊರಿ ನಿಂತು ಆಕೆ ಕಾಡುತ್ತಿದ್ದಳು: "ನಿಮಗಾರ ತಿಂಗಳಿಗಿ ಮೂರು ದಿನ ಸಿಗತೈತಿ ಅಕ್ಕಾರ. ನಮ್ಮ ಧರ್ಮದಾಗ ಅದೂ ಇಲ್ಲ. ಲಿಂಗ ಕಟ್ಟಿದ್ದಕ್ಕ ಮೂವತ್ತು ದಿನಾನೂ ರೊಟ್ಟಿ ಬಡಿಯೂದೇ ಆತು. ಬಿಸಿ ರೊಟ್ಟಿ ಕೊಡ್ಲೇನ್ರಿ?"

"ಬ್ಯಾಡವಾ ತಾಯಿ, ಅಷ್ಟು ಪುಣ್ಯ ಸಾಕು," ಎಂದು ಅಂಬಾಬಾಯಿ ನಗುತ್ತಿದ್ದಳು.

ಆ ವರ್ಷದ ಹೋಳಿ ಹುಣ್ಣಿಮೆಗೆ ಮುಂಚೆ ಒಂದು ದಿನ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಆಕೆ ಒಲೆಯ ಮುಂದೆಯೇ ಎಚ್ಚರ ತಪ್ಪಿ ಬಿದ್ದಳು. ರಾಯಚೂರಿಗೆ ಕರೆದೊಯ್ದು ತೋರಿಸಿದ್ದಾಯಿತು. ಎದೆಗೆ ಕೊಳವೆ ಹಚ್ಚಿ ನೋಡಿದ ಡಾಕ್ಟರು, ಔಷಧಕ್ಕಿಂತ ಒಲೆ ಬಿಡಿಸುವುದು ಮುಖ್ಯ, ಈ ಬೇಸಗೆಯಲ್ಲಿ ಯಾವುದಾದರೂ ತಂಪು ಗುಡ್ಡದ ಮೇಲೆ ಇಟ್ಟು ಬನ್ನಿ, ಸುಮ್ಮನೆ ಕೂತು ಉಣ್ಣಲಿ ಅಂದರು.

ಅನಂತರಾಯರು ಕೆಟ್ಟವರಲ್ಲ. ಆ ಮಾತು ಅವರ ಮನಸ್ಸಿಗೆ ನಾಟಿತು. ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದು ಹೆಂಡತಿಗೆ ಹೇಳಿದರು: "ಮಹಾಬಳೇಶ್ವರಕ್ಕ ಹೋಗೋಣ. ನಾನು, ನೀನು, ವಿಜಯೀಂದ್ರ, ಮೂರೇ ಮಂದಿ. ಅಲ್ಲಿ ಬ್ರಾಹ್ಮಣರ ಖಾನಾವಳಿ ಅದ ಅಂತ. ಹೋಗಿ ಎಲಿ ಮುಂದ ಕೂಡೋದು, ಉಣ್ಣೋದು, ಗಾಳಿಗೆ ಅಡ್ಡಾಡೋದು. ನೀ ಒಂದು ಕಡ್ಡೀನೂ ಎತ್ತಿಡಬ್ಯಾಡ."

ಅಂಬಾಬಾಯಿ ಆ ದಿನವೆಲ್ಲ ಆ ಎಲೆಯನ್ನೇ ನೆನೆದಳು. ಗುಡ್ಡ ಹೇಗಿರುತ್ತದೋ ಆಕೆಗೆ ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ. ಯಾರೋ ಒಬ್ಬ ಅಡುಗೆಯವನು ಬಗ್ಗಿ, ಹಬೆಯಾಡುವ ಅನ್ನದ ಹುಟ್ಟು ಹಿಡಿದು, "ಹಾಕ್ಲೇನ್ರೀ ಬಾಯಾರ?" ಅನ್ನುತ್ತಾನೆ. ತಾನು ಕೂತಲ್ಲಿಂದಲೇ "ಇಷ್ಟು ಹಾಕು" ಅನ್ನುತ್ತಾಳೆ. ಸ್ವರ್ಗ ಅಂದರೆ ಇನ್ನೇನು?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಪಡಸಾಲೆಯಲ್ಲಿ ಪಂಚಾಂಗ ಬಿಚ್ಚಿದಾಗ ಜಯಾಬಾಯಿಯವರ ಕಿವಿಗೆ ಮಹಾಬಳೇಶ್ವರ ಎಂಬ ಹೆಸರು ಬಿತ್ತು.

"ನಮ್ಮ ಹೊಳಿ ಕೃಷ್ಣಾಬಾಯಿ ಹುಟ್ಟಿದ ಜಾಗಾ ಅಲ್ಲೇನೋ ಅದು? ಎಪ್ಪತ್ತು ವರ್ಷ ಆಕಿ ನೀರು ಕುಡದೀನಿ. ನಾನೂ ಬರ್ತೀನಪಾ. ಸಾಯೋದ್ರಾಗ ಅಲ್ಲೊಂದು ಸ್ನಾನ ಆಗ್ಲಿ."

ತಾಯಿ ತೀರ್ಥಕ್ಕೆ ಬರುತ್ತೇನೆ ಅಂದರೆ ಬೇಡ ಅನ್ನುವ ಮಗ ಆ ಕಾಲದಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೀಗೆ ಆರಾಮಕ್ಕೆಂದು ಹೊರಟದ್ದು ಒಂದೇ ಮಾತಿಗೆ ತೀರ್ಥಯಾತ್ರೆ ಆಯಿತು. ಯಾತ್ರೆ ಅಂದ ಮೇಲೆ ಮಡಿ. ಖಾನಾವಳಿಯ ಹೆಸರು ಎತ್ತಿದ್ದಕ್ಕೆ ಜಯಾಬಾಯಿಯವರು ಮಗನನ್ನು ದುರುದುರು ನೋಡಿದರು. "ಯಾರ್ ಕೈದೋ ಏನೋ. ಕೃಷ್ಣಾಬಾಯಿ ಮುಂದ ನಿಂತು ಖಾನಾವಳಿ ಕೂಳು ತಿನ್ನಬೇಕೇನು? ಮನ್ಯಾಗ ಸೊಸಿ ಇದ್ದಾಳ, ಆಕಿ ಕೈಯಾಗ ಬಲ ಅದ."

ಸೊಸೆ ಅಡುಗೆಮನೆಯ ಹೊಸ್ತಿಲೊಳಗೆ ನಿಂತು ಗಂಡನ ಮುಖ ನೋಡಿದಳು. ಗಂಡ ಪಂಚಾಂಗದ ಹಾಳೆ ತಿರುವಿದರು. ಆಮೇಲೆ ಸಮಾಧಾನಕ್ಕೆಂದು ಒಳಗೆ ಬಂದು, "ಅಲ್ಲಿ ತಂಪು ಇರ್ತದ. ತಂಪಿನ್ಯಾಗ ಅಡಗಿ ಮಾಡಿದ್ರ ಇಷ್ಟು ತ್ರಾಸ ಆಗಂಗಿಲ್ಲ," ಅಂದರು. ಊರು ಸುಟ್ಟರೂ ಹನುಮಪ್ಪ ಹೊರಗೆ. ಈ ಹನುಮಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೆಟ್ಟವನಾಗಿದ್ದರೆ ಅಂಬಾಬಾಯಿ ಒಂದು ಮಾತು ಆಡಿಯಾದರೂ ಹಗುರಾಗುತ್ತಿದ್ದಳು.

ಸುದ್ದಿ ಗದ್ವಾಲಕ್ಕೂ ಮುಟ್ಟಿತು. ರಾಯರ ತಂಗಿ ವೇಣೂಬಾಯಿ, ಅಣ್ಣ ಗುಡ್ಡಕ್ಕೆ ಹೊರಟಿದ್ದಾನೆಂದರೆ ತನ್ನ ಮಕ್ಕಳೇನು ಪಾಪ ಮಾಡಿದ್ದವು ಎಂದು ಪತ್ರ ಬರೆದು, ಪತ್ರದ ಹಿಂದೆಯೇ ನಾಲ್ಕು ಮಕ್ಕಳ ಜೊತೆ ತಾನೂ ಬಂದಿಳಿದಳು. ಮೂರು ಮಂದಿ ಒಂಬತ್ತಾದರು. ಒಂಬತ್ತು ಮಂದಿಗೆ ಬೇಕಾದ ಅವಲಕ್ಕಿ, ಹಪ್ಪಳ, ಸಂಡಿಗೆ, ಮೆಂತ್ಯದ ಹಿಟ್ಟು, ಚಟ್ನಿಪುಡಿ ಎಲ್ಲ ಅಂಬಾಬಾಯಿಯೇ ಮಾಡಿದಳು. ಮಕ್ತಲ್ಲಿನ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಡುವಾಗ ಅಂಗಾಲು ಬೊಬ್ಬೆ ಎದ್ದವು. ಯಾರ ಎದೆ ಸುಧಾರಿಸಲೆಂದು ಈ ಪ್ರಯಾಣವೋ ಆ ಎದೆ ಹುರಿದ ಮೆಣಸಿನಕಾಯಿ ಘಾಟಿಗೆ ರಾತ್ರಿಯೆಲ್ಲ ಕೆಮ್ಮಿತು.

ಇಷ್ಟಾದ ಮೇಲೆ ತಿಥಿಯ ಗಂಟು ಬಿತ್ತು. ವೈಶಾಖ ಶುದ್ಧ ದಶಮಿ ಪ್ರಯಾಣಕ್ಕೆ ಪ್ರಶಸ್ತ. ಗುಡ್ಡದ ಮೇಲೆ ಬಾಡಿಗೆಗೆ ಗೊತ್ತುಮಾಡಿದ್ದ ಬಂಗಲೆಯ ಮಾಲಕನೂ ಅದೇ ದಿನದಿಂದ ಬಿಡುವಿದೆ, ತಪ್ಪಿದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಬರೆದಿದ್ದ. ಆದರೆ ಜಯಾಬಾಯಿಯವರು ಬೆರಳು ಮಡಚಿ ಎಣಿಸಿದರು: ಸೊಸೆ ಹುಣ್ಣಿಮೆಯ ಸುಮಾರಿಗೆ ಹೊರಗಾಗಬೇಕು. ಗುಡ್ಡ ಹತ್ತಿದ ಐದನೆಯ ದಿನ! ಅಲ್ಲಿ ಆಚಾರ್ಯರ ಮನೆ ಎಲ್ಲಿಂದ ಬರಬೇಕು? ತೌರಿನವರ ಜೊತೆ ಇದ್ದಾಗ ವೇಣೂಬಾಯಿ ಒಲೆಯ ಹತ್ತಿರ ಸುಳಿಯುವವಳಲ್ಲ. ನಾದಿನಿ, ಗಂಡ, ಬೆಳೆದ ಮಗ, ಎಲ್ಲರೂ ಕೂತ ಪಡಸಾಲೆಯಲ್ಲಿ ಆಕೆಯ ಮುಟ್ಟಿನ ದಿನಗಳನ್ನು ಪಂಚಾಂಗದ ಮೇಲೆ ಬೆರಳಿಟ್ಟು ಎಣಿಸಿದರು. ಹತ್ತೊಂಬತ್ತರ ವಿಜಯೀಂದ್ರ ಎದ್ದು ಹೊರಗೆ ಹೋದ. ಅಂಬಾಬಾಯಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

"ಹಂಗಾದ್ರ ಈ ವರ್ಷ ಬಿಡೋಣ. ಮುಂದಿನ ವರ್ಷ ನೋಡಿದ್ರಾತು," ಅಂದರು ರಾಯರು.

ಮುಂದಿನ ವರ್ಷ. ಆ ಮಾತು ಕೇಳಿದ್ದೇ ಅಂಬಾಬಾಯಿಯ ಎದೆಯಲ್ಲಿ ಏನೋ ಒಂದು ಸೆಟೆದು ನಿಂತಿತು. ಖಾನಾವಳಿ ಹೋಯಿತು, ಮೂವರ ಪ್ರಯಾಣ ಹೋಯಿತು, ಈಗ ಗುಡ್ಡವೂ ಹೋಗುವುದಾದರೆ ಉಳಿಯುವುದೇನು? ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಗುಡ್ಡದ ಮೇಲೆ ತಾನು ನಿಜವಾಗಿ ಹೊರಗಾದರೆ? ಅಲ್ಲಿ ಮಾಡಿ ಹಾಕುವವರು ಯಾರೂ ಇಲ್ಲ. ಖಾನಾವಳಿಯಿಂದಲೇ ತರಬೇಕು. ಮೂರು ದಿನ ತಂಪು ಗಾಳಿಯಲ್ಲಿ, ಮರದ ಕೆಳಗೆ, ಯಾರೋ ಬೇಯಿಸಿದ ಅನ್ನ. ಇಪ್ಪತ್ತೊಂದರಲ್ಲಿ ಮೂರು. ಅಷ್ಟು ಸಿಕ್ಕರೆ ಸಾಕು.

ಷಷ್ಠಿಯ ಬೆಳಿಗ್ಗೆ ಆಕೆ ಅಡುಗೆಮನೆಗೆ ಕಾಲಿಡಲಿಲ್ಲ. ಹಿತ್ತಲಿನಿಂದ ಕೂಗಿದಳು: "ಅತ್ತ್ಯಾ, ನಾ ಹೊರಗಾದೆ."

ಸುಳ್ಳು. ಮೂವತ್ತೆರಡು ವರ್ಷದಲ್ಲಿ ಆ ಮನೆಯಲ್ಲಿ ಆಕೆ ಆಡಿದ ಮೊದಲ ದೊಡ್ಡ ಸುಳ್ಳು. ಜಯಾಬಾಯಿಯವರು ಹಿಗ್ಗಿಹೋದರು. ಷಷ್ಠಿ, ಸಪ್ತಮಿ, ಅಷ್ಟಮಿ, ನವಮಿಗೆ ನೀರು, ದಶಮಿಗೆ ಪ್ರಯಾಣ. ಅಲ್ಲಿಂದ ಇಪ್ಪತ್ತೊಂದು ದಿನ ಚಿಂತೆಯಿಲ್ಲ. "ಗುರುರಾಯರೇ ನಡೆಸಿಕೊಟ್ರು," ಎಂದು ಮಂತ್ರಾಲಯದ ದಿಕ್ಕಿಗೆ ಕೈಮುಗಿದರು. ಅನಂತರಾಯರು ಅದೇ ದಿನ ಅರ್ಜಿ ಬರೆದರು. ಸಾಹೇಬರ ಮುಂದೆ ಕಾಗದ ಇಡುವವರೇ ಪೇಶ್ಕಾರರು. ತಮ್ಮ ಕಾಗದ ತಾವೇ ಇಟ್ಟುಕೊಂಡ ಮೇಲೆ ಮಂಜೂರಾಗುವುದಕ್ಕೆ ಎಷ್ಟು ಹೊತ್ತು?

ಕೋಣೆಯಲ್ಲಿ ಕೂತ ಅಂಬಾಬಾಯಿಗೆ ಮಾತ್ರ ಆ ಮೂರು ದಿನ ಮೂರು ದಿನವಾಗಿ ಉಳಿಯಲಿಲ್ಲ. ಯಾರಾದರೂ ಕಂಡುಹಿಡಿದಾರು ಎಂದು ಹೆಜ್ಜೆ ಸದ್ದಾದಾಗೆಲ್ಲ ಎದ್ದು ಕೂರುತ್ತಿದ್ದಳು. ಅಳಿಲು ನೋಡಲೂ ಮನಸ್ಸಾಗಲಿಲ್ಲ. ಗೋಡೆಗೆ ಬಂದ ಗುರುಲಿಂಗಮ್ಮನ ಮುಂದೆ ಬಾಯಿಬಿಟ್ಟಳು. ಗುರುಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಯ್ಯ ನಮ್ಮಕ್ಕಾರ! ಪೇಶ್ಕಾರ ಸಾಹೇಬರ ಮನ್ಯಾಗ ಇದ್ದು ಇದ್ದು ಸುಳ್ಳು ತಾರೀಖು ಹಾಕಾಕ ಕಲ್ತ್ರಿ ನೋಡ್ರಿ. ಹೋಗಿ ಬರ್ರಿ. ದೇವ್ರಿಗಿ ಇದನ್ನ ನೋಡ್ಕೋತ ಕುಂದ್ರಾಕ ಯಾಳೆ ಎಲ್ಲೈತಿ?"

ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಪುಣೆಯಲ್ಲಿ ಇಳಿದು, ಮೋಟಾರಿನಲ್ಲಿ ಘಾಟು ಏರಿದರು. ಒಂದು ತಿರುವಿನಲ್ಲಿ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಅಂಬಾಬಾಯಿ ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದಳು. ಕೆಮ್ಮು ಬರಲಿಲ್ಲ. ಮಡಿಲಲ್ಲಿ ಉಪ್ಪಿನಕಾಯಿಯ ಭರಣಿ ಇದ್ದರೂ ಆ ಗಳಿಗೆಯಲ್ಲಿ ಆಕೆ ಸುಖಿಯಾಗಿದ್ದಳು, ಇದನ್ನು ಇಲ್ಲ ಅನ್ನಬಾರದು.

ಬಂಗಲೆ ಚೆನ್ನಾಗಿತ್ತು. ಅಡುಗೆಮನೆ ಮಾತ್ರ ಹಿಂದೆ ಬೇರೆಯಾಗಿ, ತಗಡು ಹೊದಿಸಿದ ಗೂಡು. ಮಂಜಿಗೆ ಕಟ್ಟಿಗೆ ಹಸಿಯಾಗಿ ಬೆಂಕಿಗಿಂತ ಹೊಗೆಯೇ ಹೆಚ್ಚು. ಮಕ್ತಲ್ಲಿನ ಒಲೆಯೇ ವಾಸಿ ಅನ್ನಿಸಿತು. ಆದರೆ ಬಾಗಿಲಿನಿಂದ ಹತ್ತು ಹೆಜ್ಜೆಗೆ ಒಂದು ನೇರಳೆ ಮರ, ಅದರ ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಕಂಡ ಕೂಡಲೇ ಗೊತ್ತುಮಾಡಿಕೊಂಡಳು: ನನ್ನ ಮೂರು ದಿನ ಇದೇ ಕಲ್ಲಿನ ಮೇಲೆ. ಮಾರನೆಯ ದಿನ ಒಂದು ಕೊಡ ನೀರು ಹಾಕಿ ಅದನ್ನು ತೊಳೆದೂ ಬಂದಳು.

ಜಯಾಬಾಯಿಯವರು ಎಲ್ಲರನ್ನೂ ಕೃಷ್ಣೆ ಹುಟ್ಟುವಲ್ಲಿಗೆ ಕರೆದೊಯ್ದರು. ಕಲ್ಲಿನ ಗೋಮುಖದಿಂದ ಒಂದು ಮುಂಗೈಯಷ್ಟು ದಪ್ಪ ನೀರು ಬೀಳುತ್ತಿತ್ತು. ಇಷ್ಟೇನಾ ನಮ್ಮೂರ ಹೊಳೆ? ಅಡುಗೆಗೆಂದು ಕೊಡ ಹಿಡಿದು ನಿಂತ ಅಂಬಾಬಾಯಿ ಆ ನೀರಿಗೆ ಮೆಲ್ಲಗೆ ಹೇಳಿದಳು: "ಇಲ್ಲೇ ಇರವಾ. ಕೆಳಗ ಬರಬ್ಯಾಡ. ಬಂದ್ರ ಎಲ್ಲಾರ ಕೊಡಾನೂ ನೀನೇ ತುಂಬಬೇಕಾಗ್ತದ." ಕೊಡ ತುಂಬಿತು, ಎತ್ತಿ ಸೊಂಟಕ್ಕಿಟ್ಟುಕೊಂಡು ಬಂದಳು.

ಹುಣ್ಣಿಮೆ ಬಂತು. ಆಗಲಿಲ್ಲ. ಪ್ರಯಾಣದ ಆಯಾಸ, ಎರಡು ದಿನ ಹಿಂದೆಮುಂದೆ ಆದೀತು ಅಂದುಕೊಂಡಳು. ಕಳೆದ ಮಾಘದಲ್ಲೂ ಹತ್ತು ದಿನ ತಡವಾಗಿತ್ತಲ್ಲ. ಬಹುಳ ಪಂಚಮಿ ಆಯಿತು, ಅಷ್ಟಮಿ ಆಯಿತು. ಉಷ್ಣಕ್ಕೆ ಬರುತ್ತದೆಂದು ಕದ್ದು ಎಳ್ಳು ಬೆಲ್ಲ ಮುಕ್ಕಿದಳು. ಉಳಿದವರು ದಿನಾ ಒಂದೊಂದು ಕಡೆ, ಇಲ್ಲಿ ಸೂರ್ಯ ಮುಳುಗುವುದು, ಅಲ್ಲಿ ಕೊಳ್ಳ ಕಾಣುವುದು ಎಂದು ನೋಡಿ ಬಂದು, ಹಸಿದು ಎಲೆಯ ಮುಂದೆ ಕೂರುತ್ತಿದ್ದರು. ಗುಡ್ಡದ ಗಾಳಿಗೆ ಹಸಿವು ಜಾಸ್ತಿ ಎಂದು ವೇಣೂಬಾಯಿ ಹೊಗಳಿದ್ದೇ ಹೊಗಳಿದ್ದು. ಆ ಹಸಿವಿಗೆ ಬೇಯಿಸುವವಳು ಹೊಗೆಯ ಗೂಡಿನ ಬಾಗಿಲಿನಿಂದ ಕಲ್ಲು ನೋಡುತ್ತಿದ್ದಳು. ಕಲ್ಲಿನ ಮೇಲೆ ನೇರಳೆ ಹಣ್ಣು ಉದುರಿ ಕಲೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಅನಂತರಾಯರೂ ಮಗನೂ ಬರುವುದು ತಡವಾಯಿತು. ಎರಡು ಪಲ್ಯ, ಹುಳಿ, ಅನ್ನ ಮಾಡಿ ಕಾದಳು. ಮೂರು ಗಂಟೆಗೆ ನಗುತ್ತಾ ಬಂದ ರಾಯರು ತಾಯಿಗೆ ಕೇಳಿಸದ ಹಾಗೆ, "ಇವತ್ತು ನಿನಗ ಆರಾಮ ನೋಡು. ನಾವು ಖಾನಾವಳಿಯೊಳಗೇ ಉಂಡು ಬಂದ್ವಿ. ಛೊಲೋ ಬಿಸಿಬಿಸಿ ಬಡಿಸ್ತಾರ," ಅಂದರು. ಆಕೆ ಅವರ ಪಾಲಿನ ಅನ್ನವನ್ನು ಮುಚ್ಚಿಟ್ಟು, ತಾನು ರಾತ್ರಿಯೂ ಅದನ್ನೇ ಉಂಡಳು.

ಇನ್ನೊಂದು ಸುಳ್ಳು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಕೆಯೂ ಕೇಳಿಕೊಂಡಳು. ಒಂದು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು "ಅತ್ತ್ಯಾ" ಎಂದು ಕರೆದೂ ಬಿಟ್ಟಳು. ಜಯಾಬಾಯಿಯವರು ಕೃಷ್ಣೆಯ ತೀರ್ಥದ ತಂಬಿಗೆ ಹಿಡಿದು ಜಪಕ್ಕೆ ಕೂತಿದ್ದರು. ಆ ತಂಬಿಗೆಯ ಮುಂದೆ ನಾಲಿಗೆ ಹೊರಳಲಿಲ್ಲ. ನವಮಿಗೆ ನೀರು ಹಾಕಿಕೊಂಡವಳು ಇಷ್ಟು ಬೇಗ ಹೊರಗಾದೆ ಅಂದರೆ ಬರೀ ಬಾಯಿಮಾತನ್ನು ನಂಬುವವರಾದರೂ ಯಾರು? "ಎಷ್ಟು ಅಕ್ಕಿ ಹಾಕ್ಲಿ?" ಎಂದು ಕೇಳಿ ಒಳಗೆ ಹೋದಳು.

ಇಪ್ಪತ್ತೊಂದು ದಿನ ಮುಗಿದವು. ಹಿಂದಿರುಗಿ ಕೃಷ್ಣಾ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಗಾಳಿ ಕಾದು ನಿಂತಿತ್ತು. ಕಚೇರಿಯಲ್ಲಿ ರಾಯರು, ಹೆಂಡತಿಯ ಎದೆಯ ಸಲುವಾಗಿ ಮಹಾಬಳೇಶ್ವರದಲ್ಲಿ ಇದ್ದು ಬಂದೆವು ಎಂದು ಹೇಳಿಕೊಂಡರು. ಅಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನಾಲ್ಕು ಜನ ಅಂದರು.

ಜ್ಯೇಷ್ಠ ಹೋಯಿತು, ಆಷಾಢ ಹೋಯಿತು. ಶ್ರಾವಣಕ್ಕೆ ಅಂಬಾಬಾಯಿಗೆ ಖಾತ್ರಿಯಾಯಿತು. ನಿಂತಿತು. ಇನ್ನು ಬರುವುದಿಲ್ಲ. ಕಡೆಯದು ಚೈತ್ರದಲ್ಲೇ ಆಗಿ ಹೋಗಿತ್ತು. ಕಡೆಯದು ಎಂದು ಗೊತ್ತಿದ್ದರೆ ಇನ್ನಷ್ಟು ಹೊತ್ತು ಬೇವಿನ ಮರ ನೋಡುತ್ತಿದ್ದಳು. ಆ ಕೋಣೆಯಲ್ಲಿ ಆಕೆ ಕಡೆಗೆ ಕೂತದ್ದು ಸುಳ್ಳು ಹೇಳಿ ಕೂತ ಮೂರು ದಿನ, ಅದೂ ಹೆದರಿಕೆಯಲ್ಲೇ ಕಳೆದುಹೋಯಿತು. ಸುಳ್ಳಿಗೆ ದೇವರು ಕೊಟ್ಟ ಶಿಕ್ಷೆ ಎಂದು ಗುರುಲಿಂಗಮ್ಮನ ಮುಂದೆ ಅತ್ತಳು. ಶಿಕ್ಷೆಯೂ ಅಲ್ಲ, ಏನೂ ಅಲ್ಲ. ನಲವತ್ತಾರು ವರ್ಷದ ಮೈ, ಅದರ ಕೆಲಸ ಮುಗಿದಿತ್ತು. ಗುರುಲಿಂಗಮ್ಮ ಅಂದು ಕಾಡಲಿಲ್ಲ. ಗೋಡೆಯಾಚೆಯಿಂದ ಕೈ ಚಾಚಿದಳು. ಮಡಿಯಲ್ಲಿದ್ದವಳನ್ನು ಮುಟ್ಟುವಂತಿಲ್ಲ ಎಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು.

ಜಯಾಬಾಯಿಯವರಿಗೆ ಮಾತ್ರ ಹಬ್ಬ. "ಭಾಗ್ಯವಂತಿ ಇದ್ದಿ ನೋಡು. ಇನ್ನ ಹನ್ನೆರಡು ತಿಂಗಳೂ ಮಡಿ. ಆಚಾರ್ಯರ ಮನಿ ಅಡಗಿ ಹಂಗು ತಪ್ತು," ಎಂದು ಸೊಸೆಯ ಕೈಗೆ ಅರಿಸಿನ ಕುಂಕುಮ ಕೊಟ್ಟರು. ಹೊರಗಿನ ಕೆಲಸದ ಮೊಗುಲಮ್ಮನನ್ನು ಕರೆದು, ಆ ಹಿತ್ತಲ ಕೋಣೆ ಇನ್ನು ಯಾರಿಗೂ ಬೇಡ, ಮಳೆಗಾಲದ ಕಟ್ಟಿಗೆ ಅದರೊಳಗೆ ಒಟ್ಟು ಅಂದರು.

ಮೊಗುಲಮ್ಮ ಕಟ್ಟಿಗೆಯ ಹೊರೆ ಇಳಿಸಿ, "ಇಕ್ಕಡೇ ಪೆಟ್ಟಾಲಾ ಅಮ್ಮಾ, ಇಲ್ಲೇ ಇಡಬೇಕಾ?" ಎಂದು ಕೂಗಿ ಕೇಳುವಷ್ಟರಲ್ಲಿ ಅಂಬಾಬಾಯಿ ಒಲೆ ಬಿಟ್ಟು ಎದ್ದು ಬಂದಿದ್ದಳು. ಒದ್ದೆ ಮಡಿಸೀರೆಯಲ್ಲೇ ಬಂದು ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ. ಇದರಾಗ ಒಂದು ಕಟ್ಟಿಗೀನೂ ಇಡಬ್ಯಾಡ."

"ಯಾಕ? ನಿನಗಿನ್ನ ಅದರ ಕೆಲಸಾ ಏನದ?" ಅಂದರು ಜಯಾಬಾಯಿಯವರು.

"ನನಗಲ್ಲ ಅತ್ತ್ಯಾ. ಮಾರ್ಗಶಿರಕ್ಕ ವಿಜಯೀಂದ್ರನ ಲಗ್ನ. ಸೊಸಿ ಬರ್ತಾಳ. ಹುಡುಗಿ ಹದಿನೈದು ವರ್ಷದ್ದು." ಅಂಬಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಆಕಿಗೆ ಬೇಕಾಗ್ತದ. ಮೂರು ದಿನ ಅಂದ್ರ ಮೂರು ದಿನಾನೂ ಬೇಕಾಗ್ತದ. ಒಂದು ತಾಸೂ ಕಡಿಮಿ ಮಾಡಬ್ಯಾಡ್ರಿ."

ಜಯಾಬಾಯಿಯವರ ಮುಖ ಅರಳಿತು. ಮೂವತ್ತೆರಡು ವರ್ಷದಲ್ಲಿ ಸೊಸೆಯನ್ನು ಅವರು ಬಾಯಿ ತುಂಬ ಹೊಗಳಿದ್ದು ಅಂದೇ. "ಈಗ ಬಂತು ನೋಡು ನನ್ನ ಸೊಸಿಗೆ ಮಡಿ ಮೈಲಿಗಿ ಬುದ್ಧಿ," ಎಂದು ಆಚಾರ್ಯರ ಮನೆಯವರೆಗೂ ಹೋಗಿ ಹೇಳಿ ಬಂದರು.

ಅಂಬಾಬಾಯಿ ಕೋಣೆಯನ್ನು ತಾನೇ ಗುಡಿಸಿದಳು. ಚಾಪೆ ಜಾಡಿಸಿ ಹಾಸಿ, ಬೇವಿನ ಕಡೆಯ ಕಿಟಕಿ ತೆಗೆದಿಟ್ಟಳು. ಆ ನೆಲ ತುಳಿದು ಮೈಲಿಗೆಯಾಯಿತೆಂದು ಮತ್ತೆ ಎರಡು ಕೊಡ ತಣ್ಣೀರು ಹೊಯ್ದುಕೊಂಡು ಒಲೆಯ ಮುಂದೆ ಹೋಗಿ ಕೂತಳು.